ಇಂಧನಕ್ಕೆ ಕರಗದ ಬಣ್ಣ: ಮಾದರಿ ವಿಮಾನದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬಾಲ್ಸಾ ಮರದಲ್ಲಿ ಕಟ್ಟಿದ, 2.5 ಸಿ.ಸಿ. ಗ್ಲೋ ಎಂಜಿನ್ನಿನ, ತಂತಿ ಹಿಡಿದು ಸುತ್ತ ಹಾರಿಸುವ ನನ್ನ ಕಂಟ್ರೋಲ್‌ಲೈನ್ ವಿಮಾನಕ್ಕೆ ಹಾರ್ಡ್‌ವೇರ್ ಅಂಗಡಿಯ ಸಿಂಥೆಟಿಕ್ ಎನಾಮೆಲ್ ಬಳಿದು ಮೂರು ದಿನ ಒಣಗಿಸಿದ್ದೆ. ಉಗುರು ಊರಿದರೂ ಗುರುತು ಬೀಳುತ್ತಿರಲಿಲ್ಲ. ಆದರೆ ಎರಡನೆಯ ಹಾರಾಟದ ನಂತರ ಒರೆಸುವಾಗ ಸೈಲೆನ್ಸರಿನ ಹಿಂದಿನ ಕೆಂಪು ಬಣ್ಣವೆಲ್ಲ ಬಟ್ಟೆಗೆ ಅಂಟಿಕೊಂಡು ಬಂತು. ಬಣ್ಣ ಕಳಪೆಯೋ, ನಾನೇ ತಪ್ಪಿದೆನೋ?
– ಎನ್‌ಸಿಸಿ ವಾಯುವಿಭಾಗದ ಮಾಜಿ ಕೆಡೆಟ್, ಹಾಸನ

ಉತ್ತರ: ಬಣ್ಣ ಕಳಪೆಯಲ್ಲ, ಅದು ಕಿಟಕಿಯ ಗ್ರಿಲ್ಲಿಗೆ ತಕ್ಕ ಬಣ್ಣ. ಗ್ಲೋ ಇಂಧನದ ಹೆಚ್ಚಿನ ಪಾಲು ಮೆಥನಾಲ್. ಸುಮಾರು ಐದರಲ್ಲೊಂದು ಪಾಲು ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ. ಹೆಚ್ಚು ಶಕ್ತಿ ಬೇಕೆನ್ನುವವರು ಇದಕ್ಕೆ 5ರಿಂದ 15 ಪ್ರತಿಶತದಷ್ಟು ನೈಟ್ರೋಮೀಥೇನ್ ಸೇರಿಸುತ್ತಾರೆ. ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯದ ಹರಳೆಣ್ಣೆ ಮೆಥನಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಹಾರಾಟದ ಮೈದಾನಕ್ಕೆ ಒಮ್ಮೆ ಹೋದವರು ಆ ಸುಟ್ಟ ಹರಳೆಣ್ಣೆಯ ವಾಸನೆಯನ್ನು ಮರೆಯುವುದಿಲ್ಲ. ಈ ಎಣ್ಣೆ ಎಂಜಿನ್ನಿನಲ್ಲಿ ಪೂರ್ತಿ ಉರಿಯದೆ, ಉರಿಯದ ಇಂಧನವನ್ನೂ ಜೊತೆಗೆ ಹೊತ್ತು, ಸೈಲೆನ್ಸರಿನಿಂದ ಹೊರಬಂದು ವಿಮಾನದ ಮೈಮೇಲೆ ಕೂರುತ್ತದೆ. ಎನಾಮೆಲನ್ನು ಮೆದುಗೊಳಿಸುವುದು ಮೆಥನಾಲ್ ಮತ್ತು ನೈಟ್ರೋಮೀಥೇನ್. ಅವೆರಡರಲ್ಲಿ ನೈಟ್ರೋಮೀಥೇನೇ ಹೆಚ್ಚು ಉಗ್ರ.

ಮುಟ್ಟಿದಾಗ ಗಟ್ಟಿಯಾಗಿತ್ತು ಎಂದಿರಿ. ಹಸಿ ಇಟ್ಟಿಗೆಯೂ ಬಿಸಿಲಿಗೆ ಗಟ್ಟಿಯಾಗುತ್ತದೆ, ಮಳೆ ಬಂದರೆ ಮತ್ತೆ ಮಣ್ಣಾಗುತ್ತದೆ. ಸುಟ್ಟ ಇಟ್ಟಿಗೆ ಹಾಗಾಗದು. ಬಣ್ಣಗಳಲ್ಲೂ ಈ ಎರಡು ಜಾತಿಗಳಿವೆ. ರೆಕ್ಕೆಯ ಕಾಗದವನ್ನು ಬಿಗಿಯಾಗಿಸಲು ಬಳಿಯುವ ಡೋಪ್, ಬಡಗಿಗಳು ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಸ್ಪ್ರೇ ಡಬ್ಬಿಗಳ ಅಕ್ರಿಲಿಕ್ ಲ್ಯಾಕರ್ ಇವೆಲ್ಲ ಥಿನ್ನರ್ ಆರಿ ಒಣಗುವಂಥವು, ತಕ್ಕ ದ್ರಾವಕ ಸಿಕ್ಕರೆ ಮರಳಿ ಕರಗುವಂಥವು. ನಮ್ಮಲ್ಲಿ ಡ್ಯೂಕೊ ಎಂಬ ಹೆಸರು ಈಗ ಯಾವ ಸ್ಪ್ರೇ ಬಣ್ಣಕ್ಕಾದರೂ ಸಲ್ಲುತ್ತದೆ. ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗೆಂದು ತಂದ ಮೂಲ ಡ್ಯೂಕೊ ಸಹ ಇದೇ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಎಪಾಕ್ಸಿ ಮತ್ತು ಎರಡು ಡಬ್ಬಿಯ ಪಾಲಿಯುರೆಥೇನ್, ಅಂದರೆ ಅಂಗಡಿಯವರು ‘2ಕೆ ಪಿಯು’ ಎನ್ನುವುದು, ಹಾರ್ಡನರ್ ಬೆರೆತೊಡನೆ ರಾಸಾಯನಿಕವಾಗಿ ಹೆಣೆದುಕೊಳ್ಳುತ್ತವೆ. ಇವು ಸುಟ್ಟ ಇಟ್ಟಿಗೆಗಳು. ನಿಮ್ಮ ಎನಾಮೆಲ್ ಇವೆರಡರ ನಡುವಿನದು: ಗಾಳಿಯ ಆಮ್ಲಜನಕದೊಡನೆ ವಾರಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆಯಾದರೂ ಗ್ಲೋ ಇಂಧನವನ್ನು ನಂಬಿಕೆಯಿಂದ ತಡೆಯುವ ಮಟ್ಟಕ್ಕೆ ಏರುವುದಿಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಡೀಸೆಲ್ ಎಂಜಿನ್ ನಿಮ್ಮದಾಗಿದ್ದರೆ ಇಷ್ಟು ಬೇಗ ಸೋಲುತ್ತಿರಲಿಲ್ಲ.

ಹಾಗಾಗಿ ಹೊರಗಿನ ಕೊನೆಯ ಲೇಪ 2ಕೆ ಪಿಯು ಆಗಿರಲಿ, ಕೆಳಗಿನ ಲೇಪಗಳು ಅಗ್ಗದವಾದರೂ ಚಿಂತೆಯಿಲ್ಲ. ಎಣ್ಣೆ ಬಿದ್ದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಎರಡು ಮೂರು ಸಲ ಒರೆಸಿ, ಮರವೇ ಎಣ್ಣೆ ಕುಡಿದಿದ್ದರೆ ಟಾಲ್ಕಂ ಪುಡಿ ಒತ್ತಿಟ್ಟು ಹೀರಿಸಿ. ಉಳಿದ ಎನಾಮೆಲನ್ನು ಉಜ್ಜಿ ತೆಗೆಯಿರಿ, ಏಕೆಂದರೆ ಪಿಯುವಿನ ತೀಕ್ಷ್ಣ ದ್ರಾವಕ ಎಳೆಯ ಎನಾಮೆಲಿನ ಮೇಲೆ ಬಿದ್ದರೆ ಅದು ಹಪ್ಪಳದಂತೆ ಸುಕ್ಕುಗಟ್ಟಿ ಏಳುತ್ತದೆ. ಬರಿ ಮರಕ್ಕೆ ಎನ್‌ಸಿ ಸ್ಯಾಂಡಿಂಗ್ ಸೀಲರನ್ನು ತೆಳುವಾಗಿ ಎರಡು ಮೂರು ಸಲ ಕೊಟ್ಟು, ಪ್ರತಿ ಸಲವೂ 400 ನಂಬರಿನ ಕಾಗದದಿಂದ ಬಹುಪಾಲನ್ನು ಉಜ್ಜಿ ತೆಗೆಯಬೇಕು. ಸೀಲರ್ ಮರದ ರಂಧ್ರಗಳಲ್ಲಿ ಉಳಿಯಬೇಕೇ ಹೊರತು ಮರದ ಮೇಲಲ್ಲ. ಅಗ್ಗವೆಂದು ಎನ್‌ಸಿ ಥಿನ್ನರನ್ನೇ ಪಿಯುವಿಗೂ ಸುರಿಯುವ ಅಭ್ಯಾಸ ಬೇಡ. ಅದರಲ್ಲಿರುವ ಆಲ್ಕೊಹಾಲ್ ಹಾರ್ಡನರನ್ನು ತಾನೇ ತಿಂದುಬಿಡುವುದರಿಂದ ಬಣ್ಣ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಡಬ್ಬಿಯ ಮೇಲೆ ಹೇಳಿದ ಪಿಯು ಥಿನ್ನರನ್ನೇ ಕೊಳ್ಳಿ, ಹಾರ್ಡನರನ್ನು ಕಣ್ಣಂದಾಜಿನಲ್ಲಿ ಬೆರೆಸದೆ ಅಳೆದು ಬೆರೆಸಿ.

ಸೋರಿಕೆ ಮೊದಲು ಕಾಣಿಸುವುದು ಚಪ್ಪಟೆ ಮೈಯಲ್ಲಲ್ಲ, ಎಂಜಿನ್ ಬೋಲ್ಟಿನ ತೂತು, ಟ್ಯಾಂಕಿನ ಕೋಣೆ, ಎಂಜಿನ್ ಕೂರುವ ಮುಂದಿನ ಹಲಗೆಯಾದ ಫೈರ್‌ವಾಲಿನ ಅಂಚುಗಳಲ್ಲಿ. ಮೇಲೆ ಹೊಳೆಯುವ ಬಣ್ಣವಿದ್ದರೂ ಒಳಗಿನ ಬಾಲ್ಸಾ ಎಣ್ಣೆ ಕುಡಿದು ಅಂಟು ಬಿಟ್ಟು, ಎಂಜಿನ್ನೇ ಅಲುಗಾಡುವ ವಿಮಾನಗಳು ಹೇರಳವಾಗಿವೆ. ಇಲ್ಲೆಲ್ಲ ನಿಧಾನವಾಗಿ ಸೆಟ್ ಆಗುವ ಎಪಾಕ್ಸಿಯನ್ನು ಹೇರ್ ಡ್ರೈಯರಿನಿಂದ ತುಸು ಬೆಚ್ಚಗೆ ಮಾಡಿ ನೀರಾಗಿಸಿ ಬಳಿಯಿರಿ. ಬೋಲ್ಟಿನ ತೂತುಗಳ ಒಳಗೋಡೆಯನ್ನು ಮರೆಯಬೇಡಿ.

ಬಣ್ಣಕ್ಕೆ ತೂಕವಿದೆ. ಬಾಲದ ತುದಿಯಲ್ಲಿ ಹೆಚ್ಚಿದ 10 ಗ್ರಾಂ ಅನ್ನು ಸರಿದೂಗಿಸಲು ಮೂತಿಯಲ್ಲಿ 25–30 ಗ್ರಾಂ ಸೀಸ ಇಡಬೇಕಾದೀತು. ಬಾಲಕ್ಕೆ ಒಂದೇ ತೆಳು ಲೇಪ ಸಾಕು.

ಎಲ್ಲಕ್ಕೂ ಮೊದಲು ಒಂದು ಬಾಲ್ಸಾ ತುಂಡಿಗೆ ಇದೇ ಲೇಪಗಳನ್ನು ಇದೇ ಕ್ರಮದಲ್ಲಿ ಹಚ್ಚಿ ಒಂದು ವಾರ ಬಿಡಿ. ಪಿಯು ಕೆಲವು ಗಂಟೆಗಳಲ್ಲಿ ಕೈಗೆ ಅಂಟದಂತಾದರೂ ಒಳಗೆ ಹೆಣಿಗೆ ಪೂರ್ಣಗೊಳ್ಳಲು ದಿನಗಳು ಬೇಕು. ಅನಂತರ ನೀವು ಬಳಸುವ ಇಂಧನದಲ್ಲೇ ಅದ್ದಿದ ಬಟ್ಟೆಯನ್ನು ಅದರ ಮೇಲೆ ಒಂದು ಗಂಟೆ ಇಟ್ಟು ಉಗುರಿನಿಂದ ಕೆರೆಯಿರಿ.

ಕಡ್ಡಾಯವಾಗಿ ಹೇಳಬೇಕಾದ ಮಾತೊಂದಿದೆ. ಪಿಯು ಹಾರ್ಡನರಿನಲ್ಲಿ ಐಸೊಸೈಯನೇಟ್ ಇರುತ್ತದೆ. ಅದರ ತುಂತುರನ್ನು ಉಸಿರಾಡಿದರೆ ಬದುಕಿಡೀ ಕಾಡುವ ಉಬ್ಬಸ ಬರಬಹುದು. ಬಟ್ಟೆಯ ಮಾಸ್ಕ್ ಇಲ್ಲಿ ನಿರುಪಯೋಗಿ. ಮನೆಯಲ್ಲಾದರೆ ಬಯಲಿನಲ್ಲಿ ನಿಂತು, ಕೈಗವಸು ತೊಟ್ಟು ಬ್ರಷ್ಷಿನಿಂದಲೇ ಬಳಿಯಿರಿ. ಸ್ಪ್ರೇ ಬೇಕೇ ಬೇಕೆಂದರೆ ಹೊರಗಿನ ಗಾಳಿ ಪೂರೈಸುವ ಮುಖವಾಡವಿರುವ ಕಾರು ಪೇಂಟಿಂಗ್ ಬೂತಿಗೆ ಒಪ್ಪಿಸಿ.

ಪ್ರಶ್ನೆ: ಮಳೆಗಾಲದಲ್ಲಿ ರೆಕ್ಕೆಯ ಟಿಶ್ಯೂ ಕಾಗದಕ್ಕೆ ಡೋಪ್ ಬಳಿದರೆ ಬೂದಿ ಮೆತ್ತಿದಂತೆ ಬಿಳಿಯಾಗುತ್ತದೆ. ಡೋಪ್ ಹಳತಾಗಿದೆಯೇ?
– ಓದುಗರು, ಉಡುಪಿ

ಉತ್ತರ: ಡೋಪಿನ ತಪ್ಪಲ್ಲ, ನಿಮ್ಮ ಆಟಿಯ ಗಾಳಿಯದು. ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ, ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಗಾಳಿಯ ತೇವ ಅಲ್ಲಿ ಇಳಿಯುತ್ತದೆ; ಆ ನೀರು ಡೋಪಿನಲ್ಲಿರುವ ನೈಟ್ರೋಸೆಲ್ಯುಲೋಸನ್ನು ಬೆಳ್ಳಗೆ ಒಡೆಸುತ್ತದೆ. ಹೊಳವಾದ ದಿನಕ್ಕೆ ಕಾದು, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಆ ಬಿಳುಪಿನ ಮೇಲೆ ತೆಳುವಾಗಿ ಬಳಿದರೆ ಡೋಪ್ ಮತ್ತೆ ಕರಗಿ ತಿಳಿಯಾಗುತ್ತದೆ. ಮೇಲಿನ ಉತ್ತರದಲ್ಲಿ ದೋಷವೆಂದ ಗುಣವೇ ಇಲ್ಲಿ ಉಪಕಾರಿ. ಅಂಥ ದಿನ ಪಿಯು ಬೆರೆಸುವುದಂತೂ ಬೇಡ: ಹಾರ್ಡನರ್ ತೇವದೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಲೇಪದೊಳಗೆ ಗುಳ್ಳೆಗಳು ಉಳಿಯುತ್ತವೆ, ಅವಕ್ಕೆ ರಿಟಾರ್ಡರಿನ ಮದ್ದಿಲ್ಲ.

ಪ್ರಶ್ನೆ: ಬ್ಯಾಟರಿ ಮೋಟಾರಿನ ವಿಮಾನಕ್ಕೂ ಇಷ್ಟೆಲ್ಲ ಬೇಕೆ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಸಾಕು, ತೂಕವೂ ಕಡಿಮೆ. ಯಾರಾದರೂ ಕೊಟ್ಟ ಹಳೆಯ ಗ್ಲೋ ವಿಮಾನಕ್ಕೆ ಮೋಟಾರು ಕೂರಿಸುವುದಾದರೆ ಮಾತ್ರ ಬಣ್ಣಕ್ಕಿಂತ ಮೊದಲು ಫೈರ್‌ವಾಲನ್ನು ಬೆರಳಿನಿಂದ ಒತ್ತಿ ನೋಡಿ. ಎಣ್ಣೆ ಕುಡಿದು ಮೆತ್ತಗಾದ ಮರದಲ್ಲಿ ಮೋಟಾರಿನ ಸ್ಕ್ರೂ ನಿಲ್ಲುವುದಿಲ್ಲ.