ಅನ್ನ ಬಿಟ್ಟು ಮುದ್ದೆ ಹಿಡಿದೆ, ಎಂಟು ತಿಂಗಳಲ್ಲಿ ಶುಗರ್ 6.1ರಿಂದ 6.7ಕ್ಕೆ ಏರಿತು

ವಯಸ್ಸು 39, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 6.2, ಕೂತು ಮಾಡುವ ಕೆಲಸ. ಅನ್ನ ಬಿಟ್ಟು ರಾಗಿಗೆ ಹೋಗಲಾ, ಸಿರಿಧಾನ್ಯಕ್ಕೆ ಹೋಗಲಾ, ದಿನಾ 10,000 ಹೆಜ್ಜೆ ಹಾಕಿದರೆ ಮಾತ್ರೆ ಇಲ್ಲದೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನೇ ಒಂದು ಕಾಲದಲ್ಲಿ ಬರೆದಿಟ್ಟ ಪ್ರಶ್ನೆಯ ಹಾಗಿದೆ. ನನ್ನದು 6.1 ಇತ್ತು, ಅಷ್ಟೇ ವ್ಯತ್ಯಾಸ.

ತುಮಕೂರಿನಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಅಂಗಡಿಯವರ ಜಿಎಸ್‌ಟಿ, ಮೇಷ್ಟ್ರುಗಳ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಇದೇ ಕೆಲಸ. ಬೆಳಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕೂತರೆ ರಾತ್ರಿ ಎಂಟರವರೆಗೆ ಎದ್ದರೆ ಎರಡು ಸಲ ಏಳಬಹುದು. ಜುಲೈ ತಿಂಗಳಲ್ಲಂತೂ ಅದೂ ಇಲ್ಲ. 2022ರ ಜೂನ್‌ನಲ್ಲಿ ಇನ್ಶೂರೆನ್ಸ್ ಪಾಲಿಸಿಗೆಂದು ರಕ್ತ ಕೊಟ್ಟಾಗ ಈ 6.1 ಹೊರಬಿತ್ತು. ಆಗ ನನಗೆ 44. ತೂಕ 66 ಕೆಜಿ, ನೋಡಿದವರು ಸಣ್ಣಗಿದ್ದಾನೆ ಅನ್ನಬೇಕು, ಹಾಗಿದ್ದೆ. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಡಾಕ್ಟರ್ 'ಬಾರ್ಡರ್‌ನಲ್ಲಿದೆ, ಊಟ ನೋಡ್ಕೊಳ್ಳಿ, ವಾಕ್ ಮಾಡಿ' ಅಂದರು. ಊಟದಲ್ಲಿ ಏನನ್ನು ನೋಡಿಕೊಳ್ಳಬೇಕು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. 'ಅದಕ್ಕೇ ಹೇಳ್ತಿದ್ದೆ, ಊರು ಬಿಟ್ಟ ಮೇಲೆ ಅನ್ನ ತಿಂದು ತಿಂದು ಹಿಂಗಾದೆ. ನಿಮ್ಮಪ್ಪ ಮೂರು ಮುದ್ದೆ ಉಣ್ತಿದ್ರು, ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ' ಅಂದರು. ನನಗೂ ಸರಿ ಅನ್ನಿಸಿತು. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತ ಗಾದೆಯೇ ಇದೆಯಲ್ಲ. ಅವತ್ತಿನಿಂದಲೇ ಎರಡು ಹೊತ್ತೂ ಮುದ್ದೆ. ಮಧ್ಯಾಹ್ನ ಎರಡು, ರಾತ್ರಿ ಎರಡು. ಬೆಳಗ್ಗೆ ಐದೂವರೆಗೆ ಎದ್ದು ಅಮಾನಿಕೆರೆಯ ಸುತ್ತ ನಡಿಗೆ. ಮೊಬೈಲ್‌ನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಂಡು, 10,000 ಆಗುವವರೆಗೆ ಮನೆ ಕಡೆ ತಿರುಗುತ್ತಿರಲಿಲ್ಲ. ಭಾನುವಾರ ವಾಕಿಂಗ್ ಗೆಳೆಯರ ಜೊತೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ. ನಡೆದಿದ್ದೀವಲ್ಲ, ಎಲ್ಲಾ ಕರಗಿರುತ್ತೆ ಅಂತ ನಮ್ಮ ಲೆಕ್ಕ.

ಎಂಟು ತಿಂಗಳು ಹೀಗೆ ನಡೆಸಿದೆ. 2023ರ ಫೆಬ್ರವರಿಯಲ್ಲಿ ಮತ್ತೆ ಟೆಸ್ಟ್ ಮಾಡಿಸಿದರೆ 6.7. ತೂಕ 69. ಲ್ಯಾಬ್‌ನವರೇ ರಿಪೋರ್ಟ್ ಅದಲು ಬದಲು ಮಾಡಿದ್ದಾರೆ ಅಂದುಕೊಂಡು ಬೇರೆ ಕಡೆ ಇನ್ನೊಮ್ಮೆ ರಕ್ತ ಕೊಟ್ಟೆ. ಅಲ್ಲೂ 6.7. 5.7ರಿಂದ 6.4ರವರೆಗೆ ಬಾರ್ಡರ್, 6.5 ಮುಟ್ಟಿದರೆ ಡಯಾಬಿಟೀಸ್. ಅಂದರೆ ಇಷ್ಟೆಲ್ಲಾ ಕಷ್ಟಪಟ್ಟು ನಾನು ಗೆರೆ ದಾಟಿದ್ದೆ. ಆಚೆ ಕಡೆಗೆ!

ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕೆಂದರೆ ನೀವು ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಮಗಳು ಕೇಕ್ ಮಾಡಲು ಒಂದು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದ್ದಳು. ಒಂದು ರಾತ್ರಿ ಹೆಂಡತಿ ಎಸರಿಗೆ ಹಿಟ್ಟು ಹಾಕುವ ಮೊದಲು 'ನಿಂತ್ಕೋ' ಅಂದು, ನನ್ನ ಎರಡು ಮುದ್ದೆಗೆ ಬೇಕಾದ ಹಿಟ್ಟನ್ನು ಅದರ ಮೇಲಿಟ್ಟೆ. 260 ಗ್ರಾಂ. ಇನ್ನೊಂದು ಬಟ್ಟಲಲ್ಲಿ, ನಾನು ಹಿಂದೆ ಒಂದು ಹೊತ್ತಿಗೆ ತಿನ್ನುತ್ತಿದ್ದ ಅನ್ನಕ್ಕೆ ಎಷ್ಟು ಅಕ್ಕಿ ಅಂತ ಅವಳನ್ನೇ ಕೇಳಿ ಇಟ್ಟೆ. 130 ಗ್ರಾಂ. ಅವಳು ಎರಡೂ ಬಟ್ಟಲು ನೋಡಿ, 'ಇದನ್ನ ನೋಡೋಕೆ ಎಂಟು ತಿಂಗಳು ಬೇಕಾಯ್ತಾ ರೀ' ಅಂದಳು.

ಲೆಕ್ಕ ನನ್ನ ಕಸುಬು, ಬಿಡಿಸಿ ಹೇಳ್ತೀನಿ. 100 ಗ್ರಾಂ ಅಕ್ಕಿಯಲ್ಲಿ ಹೆಚ್ಚೂಕಡಿಮೆ 78 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ, 100 ಗ್ರಾಂ ರಾಗಿಯಲ್ಲಿ 67ರ ಆಸುಪಾಸು. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ ಅಕ್ಕಿ ಹತ್ತಿರಕ್ಕೂ ಬರಲ್ಲ, 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತೆ. ಅದೆಲ್ಲ ನಿಜ. ಆದರೆ ನನ್ನ ಅನ್ನದಲ್ಲಿ ಸುಮಾರು 100 ಗ್ರಾಂ ಕಾರ್ಬ್ ಇದ್ದರೆ, ಎರಡು ಮುದ್ದೆಯಲ್ಲಿ 175. ಅದರ ಮೇಲೆ ಮಜ್ಜಿಗೆಗೆ ಒಂದು ತುತ್ತು ಅನ್ನ. ಮುದ್ದೆ ಉಣ್ಣುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆ ತುತ್ತು ಬೀಳದೆ ಊಟ ಮುಗಿಯಲ್ಲ. ಬಿಟ್ಟಿದ್ದೇನೆ ಅಂದುಕೊಂಡಿದ್ದ ಅನ್ನವನ್ನೂ ದಿನಾ ತಿನ್ನುತ್ತಲೇ ಇದ್ದೆ.

ಇನ್ನೊಂದು ವಿಷಯ. ಮುದ್ದೆಯನ್ನು ಅಗಿಯಲ್ಲ, ಅದ್ದಿ ನುಂಗುತ್ತೀವಿ. ಮಿಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟು, ಮೆತ್ತಗೆ ಬೆಂದದ್ದು, ಐದು ನಿಮಿಷದಲ್ಲಿ ಒಳಗೆ. ಇಡೀ ಕಾಳಿನ ಗುಣ ಈ ಹಿಟ್ಟಿಗೆ ಬರಲ್ಲ, ಬೇಗ ಸಕ್ಕರೆಯಾಗುತ್ತೆ. ಬಸ್ಸಾರು ಮಾಡಿದ ದಿನ ಇನ್ನೂ ಚೆಂದ. ಹುರುಳಿಕಾಳು ಬೇಯಿಸಿ ಕಟ್ಟು ಬಸಿದು ಸಾರು ಮಾಡ್ತಾರೆ, ಕಾಳು ಪಲ್ಯಕ್ಕೆ ಹೋಗುತ್ತೆ. ನಾನು ಸಾರಿನಲ್ಲಿ ಎರಡು ಮುದ್ದೆ ನುಂಗಿ, ಪಲ್ಯ ಎರಡು ಚಮಚ ಮುಟ್ಟಿ ಏಳುತ್ತಿದ್ದೆ. ಒಣ ಹುರುಳಿಯಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್. ಅದು ಪಾತ್ರೆಯಲ್ಲೇ ಉಳಿದು ಬೆಳಗ್ಗೆ ಕೆಲಸದವಳ ಪಾಲಾಗುತ್ತಿತ್ತು. ಅವಳಿಗಾದರೂ ಒಳ್ಳೆಯದಾಯಿತು.

ಎಂಟು ತಿಂಗಳು ಇದು ಗೊತ್ತಾಗದೇ ಹೋಗಿದ್ದು ಹೇಗೆ? ಮನೆಯಲ್ಲಿ ಗ್ಲೂಕೋಮೀಟರ್ ಇತ್ತು. ವಾರಕ್ಕೊಮ್ಮೆ ಬೆರಳು ಚುಚ್ಚಿಕೊಳ್ಳುತ್ತಲೂ ಇದ್ದೆ. ಆದರೆ ಯಾವಾಗಲೂ ಖಾಲಿ ಹೊಟ್ಟೆಯಲ್ಲಿ, ವಾಕ್‌ಗೆ ಹೋಗುವ ಮೊದಲು. 102, 104, 101. ಪರವಾಗಿಲ್ಲ, ಹಿಡಿತದಲ್ಲಿದೆ ಅಂತ ಡೈರಿಯಲ್ಲಿ ಬರೆದಿಡುತ್ತಿದ್ದೆ. ಊಟವಾಗಿ ಎರಡು ಗಂಟೆಗೆ ಒಮ್ಮೆಯೂ ನೋಡಿರಲಿಲ್ಲ. ಆ ತಕ್ಕಡಿಯ ರಾತ್ರಿ ಮೊದಲ ಸಲ ನೋಡಿದೆ. 218. ಎಚ್‌ಬಿಎ1ಸಿ ಅನ್ನುವುದು ಎರಡು ಮೂರು ತಿಂಗಳ ಸರಾಸರಿ, ಅದಕ್ಕೆ ಬೆಳಗಿನ 102ರಷ್ಟೇ ರಾತ್ರಿಯ 218 ಕೂಡ ಲೆಕ್ಕ. ಆಡಿಟ್ ಮಾಡುವವನು ಬೆಳಗಿನ ಕ್ಯಾಷ್ ಎಣಿಸಿ ಸಂಜೆಯ ಬಿಲ್ ಬುಕ್ ತೆರೆಯದೇ ಎದ್ದು ಬಂದ ಹಾಗೆ ನಾನು ಮಾಡಿದ್ದು. ನನ್ನ ಹತ್ತಿರ ಯಾವ ಅಂಗಡಿಯವರಾದರೂ ಹಾಗೆ ಲೆಕ್ಕ ತಂದರೆ ಬೈದು ಕಳಿಸುತ್ತಿದ್ದೆ.

ಅದಕ್ಕೇ ನಿಮ್ಮ ರಾಗಿಯಾ, ಸಿರಿಧಾನ್ಯವಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನವಣೆ, ಸಾಮೆ, ಅರ್ಕ ಯಾವುದೇ ತನ್ನಿ, ತಟ್ಟೆ ತುಂಬಾ ಬಡಿಸಿಕೊಂಡರೆ ಅದೇ ಕಥೆ. ಇದು ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ. 2025ರಲ್ಲಿ ಐಸಿಎಂಆರ್-ಇಂಡಿಯಾಬ್ ಅನ್ನುವ, ದೇಶದ ಡಯಾಬಿಟೀಸ್ ಸರ್ವೆಯ ಊಟದ ಭಾಗ ಪ್ರಕಟವಾಯಿತು. ದೇಶದ ಉದ್ದಗಲದ 1.21 ಲಕ್ಷ ವಯಸ್ಕರು. ನಾವು ತಿನ್ನುವ ಕ್ಯಾಲೊರಿಯಲ್ಲಿ 62% ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಂತೆ. ಅಕ್ಕಿಯ ಬದಲು ಗೋಧಿ ಹಿಟ್ಟು, ಕಿರುಧಾನ್ಯದ ಹಿಟ್ಟು ಅಂತ ಬದಲಾಯಿಸಿದ ಮಾತ್ರಕ್ಕೆ ಡಯಾಬಿಟೀಸ್ ಅಪಾಯ ಕಡಿಮೆ ಕಾಣಲಿಲ್ಲ. ಕಾರ್ಬ್‌ನಿಂದ ಬರುವುದರಲ್ಲಿ ದಿನದ ಕ್ಯಾಲೊರಿಯ 5%ರಷ್ಟನ್ನು ತೆಗೆದು, ಆ ಜಾಗಕ್ಕೆ ಬೇಳೆಕಾಳಿನದೋ ಹಾಲು ಮೊಸರಿನದೋ ಪ್ರೋಟೀನ್ ಬಂದರೆ ಅಪಾಯ ಕಡಿಮೆ ಇತ್ತು. ಇದು ಸರ್ವೆ, ಜನರಿಗೆ ಎರಡು ಥರ ಊಟ ಕೊಟ್ಟು ವರ್ಷಗಟ್ಟಲೆ ಹೋಲಿಸಿದ ಪ್ರಯೋಗವಲ್ಲ, ಅದು ನೆನಪಿರಲಿ. ಆದರೂ ಓದುವಾಗ ನನ್ನ ಎರಡು ಬಟ್ಟಲು ಕಣ್ಣ ಮುಂದೆ ಬಂದವು. ಅವ್ವನಿಗೆ ಓದಿ ಹೇಳಿದರೆ, 'ರಾಗಿ ಬೈಯೋಕೆ ಇವ್ರಿಗೆ ದುಡ್ಡು ಯಾರ್ ಕೊಟ್ರು?' ಅಂದರು.

ಅಪ್ಪನ ಮೂರು ಮುದ್ದೆಗೂ ಉತ್ತರ ಅಲ್ಲೇ ಇದೆ. ಅವರು ಉಂಡು ಹೊಲಕ್ಕೆ ಹೋಗುತ್ತಿದ್ದರು. ಗಾದೆಯಲ್ಲಿರುವುದು ಬೆಟ್ಟ ಕಿತ್ತವನ ಊಟ. ನಾನು ಇಡೀ ದಿನ ಒತ್ತಿದ್ದು ಮೌಸ್ ಮಾತ್ರ.

ಈಗ ನಿಮ್ಮ 10,000. ಆ ಸಂಖ್ಯೆ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅಂತ ಹೆಸರಿಟ್ಟಿದ್ದರು, ಅಲ್ಲಿಂದ ಹಬ್ಬಿದ್ದು. 2025ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ದಿನಕ್ಕೆ 2,000 ಹೆಜ್ಜೆ ಹಾಕುವವರಿಗಿಂತ 7,000 ಹಾಕುವವರಲ್ಲಿ ಸಾವಿನ ಅಪಾಯ 47% ಕಡಿಮೆ ಇತ್ತು. ಅದಕ್ಕಿಂತ ಜಾಸ್ತಿ ನಡೆಯಬೇಡಿ ಅಂತಲ್ಲ. ಆದರೆ ಶುಗರ್ ವಿಷಯಕ್ಕೆ ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದೂ ಮುಖ್ಯ. ನ್ಯೂಜಿಲೆಂಡಿನಲ್ಲಿ ಟೈಪ್ 2 ಡಯಾಬಿಟೀಸ್ ಇರುವ 41 ಜನರ ಮೇಲೆ ಒಂದು ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದರು. ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದು ಒಂದು ಥರ, ಪ್ರತಿ ಊಟದ ನಂತರ 10 ನಿಮಿಷ ನಡೆಯುವುದು ಇನ್ನೊಂದು ಥರ. ಒಟ್ಟು ಸಮಯ ಒಂದೇ. ಊಟದ ನಂತರ ನಡೆದಾಗ ಊಟದ ಮೇಲಿನ ಶುಗರ್ ಸರಾಸರಿ 12% ಕಡಿಮೆ, ರಾತ್ರಿ ಊಟದ ನಂತರವಂತೂ 22% ಕಡಿಮೆ. ನಾನು ಬೆಳಗ್ಗೆ ಕೆರೆ ಸುತ್ತಿ, ರಾತ್ರಿ ಎರಡು ಮುದ್ದೆ ನುಂಗಿ, ಟಿವಿ ಮುಂದೆ ಕಾಲು ಚಾಚುತ್ತಿದ್ದೆ.

ಈಗ ಏನು ಮಾಡ್ತೀನಿ ಅಂತ ಹೇಳಿಬಿಡ್ತೀನಿ. ಒಂದು ಹೊತ್ತಿಗೆ ಒಂದೇ ಮುದ್ದೆ, ಅದೂ 70 ಗ್ರಾಂ ಹಿಟ್ಟಿನದು, ದೊಡ್ಡ ನಿಂಬೆಹಣ್ಣಿನಷ್ಟು ಅಂತ ಅವ್ವ ಹಂಗಿಸ್ತಾರೆ. ಮೊದಲು ಪಲ್ಯ, ಕಾಳು, ಮೊಸರು, ಒಂದು ಮೊಟ್ಟೆ. ಆಮೇಲೆ ಮುದ್ದೆ. ಅನ್ನದ ಆಸೆಯಾದ ದಿನ ಮುದ್ದೆ ಇಲ್ಲ, ಅಷ್ಟೇ ಅಳತೆಯ ಅನ್ನ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು. ರಾತ್ರಿ ಊಟವಾಗಿ ಹೆಂಡತಿ ಜೊತೆ ನಮ್ಮ ಬೀದಿಯಲ್ಲೇ ಕಾಲು ಗಂಟೆ ನಡಿಗೆ. ಮಳೆ ಬಂದರೆ ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಹಾಲ್.

ವಾರಕ್ಕೆ ಮೂರು ದಿನ ಬಸ್ಕಿ. ಹೌದು, ಸ್ಕೂಲಲ್ಲಿ ಹೋಂವರ್ಕ್ ಮಾಡದಿದ್ದಕ್ಕೆ ಹೊಡೆಸುತ್ತಿದ್ದರಲ್ಲ, ಅದೇ. ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ಮಾಂಸಖಂಡದ್ದು, ತೊಡೆಯವು ದೊಡ್ಡ ಖಂಡಗಳು. ನಮ್ಮಂಥ ಸಣ್ಣಗೆ ಕಾಣುವವರಲ್ಲೇ ಅದು ಕಡಿಮೆ, ಒಳಗೆ ಕೊಬ್ಬು ಜಾಸ್ತಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮ ಮೈಯನ್ನೇ ತೋರಿಸಿ ಇದನ್ನು ಬರೆದರು. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. 'ನಿನಗೇನೋ ಶುಗರ್, ಕಡ್ಡಿ ಥರ ಇದ್ದೀಯ' ಅನ್ನುವ ಸಂಬಂಧಿಕರಿಗೆ ನಾನು ಇದನ್ನೇ ಹೇಳೋದು.

ಮಾತ್ರೆ ಇಲ್ಲದೆ ಅಂದಿರಲ್ಲ, ಅದು ಬರೀ ಹಟ. ನನಗೂ ಇತ್ತು. 6.7 ಬಂದಾಗ ಡಾಕ್ಟರ್ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬರೆದರು, ಚೀಟಿಯನ್ನು ಎರಡು ವಾರ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 531 ಜನರ ಮೇಲೆ ಮಾಡಿದ ಪ್ರಯೋಗ 2006ರಲ್ಲಿ ಬಂತು. ಎಲ್ಲರೂ ಬಾರ್ಡರ್‌ನಲ್ಲಿದ್ದವರು. ಊಟ ಮತ್ತು ನಡಿಗೆ ಸರಿಮಾಡಿದ್ದರಿಂದ ಡಯಾಬಿಟೀಸ್ ಅಪಾಯ 28.5% ತಗ್ಗಿತು, ಮೆಟ್‌ಫಾರ್ಮಿನ್‌ನಿಂದ 26.4%. ಹತ್ತಿರ ಹತ್ತಿರ ಒಂದೇ. ನಿಮ್ಮ 6.2ಕ್ಕೆ ಮಾತ್ರೆ ಬೇಡ ಅಂತ ಡಾಕ್ಟರ್ ಹೇಳಿದರೆ ಬೇಡ, ಬೇಕು ಅಂದರೆ ನುಂಗಿ. ಬಂಧುಗಳ ಮುಂದೆ 'ನಾನು ಮಾತ್ರೆ ತಗೊಳ್ಳಲ್ಲ' ಅಂತ ಹೇಳಿಕೊಳ್ಳಲು ಕಣ್ಣು, ಕಿಡ್ನಿ ಅಡ ಇಡಬೇಡಿ. ನಾನು ಈಗಲೂ ದಿನಕ್ಕೊಂದು ತಗೊಳ್ತೀನಿ. ಕಳೆದ ಸಲದ ಎಚ್‌ಬಿಎ1ಸಿ 5.9, ತೂಕ 64. ಜುಲೈನಲ್ಲಿ ಮಾತ್ರ ಸ್ವಲ್ಪ ಏರುತ್ತೆ, ರಿಟರ್ನ್ಸ್ ಕಾಲ.

ಸಿರಿಧಾನ್ಯದ ಅಂಗಡಿಗೆ ಆಮೇಲೆ ಹೋಗಿ. ಇವತ್ತು ರಾತ್ರಿ ನೀವು ಎಂದಿನಂತೆ ಎಷ್ಟು ತಿನ್ನುತ್ತೀರೋ ಅಷ್ಟಕ್ಕೆ ಬೇಕಾದ ಅಕ್ಕಿಯನ್ನೋ ಹಿಟ್ಟನ್ನೋ ನೀರಿಗೆ ಹಾಕುವ ಮೊದಲು ತೂಗಿ. ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ಬೆರಳು ಚುಚ್ಚಿಕೊಳ್ಳಿ. ಎರಡೂ ಸಂಖ್ಯೆ ಕೆಳಗೆ ಕಾಮೆಂಟ್‌ನಲ್ಲಿ ಹಾಕಿ, ನೋಡೋಣ.