ಸತ್ತ ರಾಬಿನ್ ಮರಳಿದ ಬಗೆ

‘ಬ್ಯಾಟ್‌ಮ್ಯಾನ್: ಅಂಡರ್ ದ ರೆಡ್ ಹುಡ್’ ಅನಿಮೇಷನ್ ಚಿತ್ರ ನೋಡಿಯಾಗಿದೆ, ಇನ್ನು ಕಾಮಿಕ್ಸ್ ತರಿಸಬೇಕೇ ಎಂದು ಶಿರಸಿಯಿಂದ ಕೇಳಿದ್ದೀರಿ. ಧಾರಾಳವಾಗಿ ತರಿಸಿ. ಎಳೆ ಒಂದೇ, ಆದರೆ ಬ್ಯಾಟ್‌ಮ್ಯಾನ್‌ನ ಸಂಗಾತಿ ರಾಬಿನ್ ಆಗಿದ್ದು ಸತ್ತ ಜೇಸನ್ ಟಾಡ್ ಬದುಕಿ ಬರುವ ಬಗೆ ಪೂರ್ತಿ ಬೇರೆ.

ಕಾಮಿಕ್ಸ್‌ನಲ್ಲಿ ಸೂಪರ್‌ಬಾಯ್ ಪ್ರೈಮ್ ಎಂಬ ಅತಿಮಾನುಷ ಬಲದ ಹುಡುಗ ವಾಸ್ತವದ ಗೋಡೆಗೇ ಗುದ್ದುತ್ತಾನೆ. ಆ ಏಟಿನ ಅಲೆಗೆ ಜೇಸನ್ ಶವಪೆಟ್ಟಿಗೆಯಲ್ಲಿ ಕಣ್ಣು ಬಿಡುತ್ತಾನೆ! ಸತ್ತವರನ್ನೂ ಬದುಕಿಸುವ ಲಾಜರಸ್ ಕುಂಡ ಅಲ್ಲಿಯೂ ಇದೆ, ಆದರೆ ಕದಡಿದ ಬುದ್ಧಿಯನ್ನು ಮರಳಿಸಲು ಮಾತ್ರ. 2010ರ ಚಿತ್ರದಲ್ಲಿ ಗುದ್ದಾಟದ ಗೋಜೇ ಇಲ್ಲ. ಜೇಸನ್ ಸಾವಿಗೆ ತಾನೂ ಕಾರಣ ಎಂಬ ಪಾಪಪ್ರಜ್ಞೆ ಕಾಡಿದ ಖಳ ರಾಸ್ ಅಲ್ ಗುಲ್ ಶವವನ್ನೇ ಕುಂಡಕ್ಕಿಳಿಸುತ್ತಾನೆ. ಕಾಲಮಿತಿ ಯಕ್ಷಗಾನಕ್ಕೆ ಪ್ರಸಂಗ ಕತ್ತರಿಸಿದಂತೆ ಎನ್ನಿ. ಕತ್ತರಿ ಹಿಡಿದವರು ಮೂಲ ಲೇಖಕ ಜುಡ್ ವಿನಿಕ್ ಅವರೇ ಆದ್ದರಿಂದ ಹದ ಕೆಟ್ಟಿಲ್ಲ. ನನಗಂತೂ ಚಿತ್ರದ ಕಾರಣವೇ ಹೆಚ್ಚು ಒಪ್ಪಿತು.

ಬ್ಯಾಟ್‌ಮ್ಯಾನ್ ಮತ್ತು ಜೇಸನ್‌ರ ಕೊನೆಯ ಮುಖಾಮುಖಿಯನ್ನು ಗಮನಿಸಿ. ಚಿತ್ರದಲ್ಲಿ ಬ್ಯಾಟ್‌ಮ್ಯಾನ್ ಎಸೆದ ಬ್ಯಾಟರಾಂಗ್ (ಬಾವಲಿಯಾಕಾರದ ಎಸೆಯುವ ಆಯುಧ) ಹೋಗಿ ಜೇಸನ್‌ನ ಪಿಸ್ತೂಲಿನ ನಳಿಕೆಗೆ ಸಿಕ್ಕಿ, ಪಿಸ್ತೂಲು ಅವನ ಕೈಯಲ್ಲೇ ಸಿಡಿಯುತ್ತದೆ. ಕಾಮಿಕ್ಸ್‌ನಲ್ಲಿ ಅದು ನೇರ ಅವನ ಕುತ್ತಿಗೆಗೆ ಬೀಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಪುಟಗಳನ್ನು ಮೊದಲು ನೀವೇ ನೋಡಿಬಿಡಿ.

ಜೇಸನ್ ಸತ್ತ 1988ರ ‘ಎ ಡೆತ್ ಇನ್ ದ ಫ್ಯಾಮಿಲಿ’ಯನ್ನೂ ಜೊತೆಗೆ ತರಿಸಿ. ಅವನು ಸಾಯಲಿ ಎಂದವರು ದೂರವಾಣಿ ಮತ ಹಾಕಿದ ಓದುಗರೇ: ಸಾಯಲಿ ಎಂದು 5,343 ಮತ, ಬದುಕಲಿ ಎಂದು 5,271. ಅಲ್ಲಿ ಅವನು ಸಾಯುವುದು ಇಥಿಯೋಪಿಯಾದಲ್ಲಿ, ಚಿತ್ರದಲ್ಲಿ ಬೋಸ್ನಿಯಾದಲ್ಲಿ. ಅಂದಹಾಗೆ, ಕಾರವಾರದ ಮಳೆಗಾಲಕ್ಕೆ ನುಣುಪು ಕಾಗದದ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮ್ಮ ಶಿರಸಿಯೂ ಕಡಿಮೆಯೇನಲ್ಲ, ದೀಪಾವಳಿ ಕಳೆದ ಮೇಲೆ ತರಿಸಿಕೊಳ್ಳಿ.