ಫ್ಲಶ್ ಡ್ರಾ ಇದ್ದಾಗ ಕಾಲ್ ಮಾಡಬೇಕಾ, ರೇಸ್ ಮಾಡಬೇಕಾ?

ನೀವು ಕೇಳಿರುವುದು ಇದು: ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಟ. ಕೈಯಲ್ಲಿ ಹಾರ್ಟ್ ಎಕ್ಕ, ಹಾರ್ಟ್ ಏಳು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) ಹಾರ್ಟ್ ರಾಜ, ಹಾರ್ಟ್ ನಾಲ್ಕು, ಕ್ಲಬ್ ಒಂಬತ್ತು. ಇನ್ನೊಂದು ಹಾರ್ಟ್ ಬಂದರೆ ಐದು ಹಾರ್ಟ್, ಅಂದರೆ ಫ್ಲಶ್; ಆ ಒಂದಕ್ಕೆ ಕಾಯುವುದೇ ಫ್ಲಶ್ ಡ್ರಾ. ಎದುರಿನವನ ಬೆಟ್‌ನಷ್ಟೇ ದುಡ್ಡು ಹಾಕಿದರೆ ಕಾಲ್, ಅದಕ್ಕಿಂತ ಹೆಚ್ಚು ಹಾಕಿದರೆ ರೇಸ್. ಇನ್ನೂ ಏನೂ ಆಗದ ಕೈಯಲ್ಲಿ ರೇಸ್ ಮಾಡುವುದು ಹುಚ್ಚಾಟ ಅಲ್ವಾ?

ಎದುರಿಗೆ ಎಷ್ಟು ಜನ ಇದ್ದಾರೆ ನೋಡಿ. ಕಾಲ್ ಮಾಡುವಾಗ ಲೆಕ್ಕಕ್ಕೆ ಬರುವುದು ಪಾಟ್‌ನಲ್ಲಿ (ಮೇಜಿನ ಮಧ್ಯದ ದುಡ್ಡಿನ ರಾಶಿ) ಆಗಲೇ ಬಿದ್ದಿರುವ ಹಳೇ ದುಡ್ಡು. ರೇಸ್ ಮಾಡುವಾಗ ಬರುವುದು ನಿಮ್ಮ ಜೊತೆ ಎಷ್ಟು ಜನ ಹೊಸ ದುಡ್ಡು ಹಾಕುತ್ತಾರೆ ಅನ್ನೋದು. ಜಾಸ್ತಿ ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಕಾಲ್ ಲೆಕ್ಕ ಸುಲಭ. ಪಾಟ್‌ನಲ್ಲಿ 300 ಇದೆ, ಒಬ್ಬ 100 ಬೆಟ್ ಹಾಕಿದ. ನೀವು 100 ಹಾಕಿದರೆ ಒಟ್ಟು 500. ಅಂದರೆ 20% ಸಲವಾದರೂ ಗೆಲ್ಲಬೇಕು. ಕಾಣದ ಎಲೆಗಳು 47, ಅದರಲ್ಲಿ ಹಾರ್ಟ್ 9. ಮುಂದಿನ ಎಲೆಯಲ್ಲೇ ಹಾರ್ಟ್ ಬರುವ ಸಾಧ್ಯತೆ 19%. ಕೂದಲೆಳೆಯಷ್ಟು ಕಮ್ಮಿ. ನಿಮಗಿಂತ ಮೊದಲೇ ಇನ್ನಿಬ್ಬರು ಕಾಲ್ ಮಾಡಿದ್ದರೆ ನೀವು 100 ಹಾಕಿದಾಗ ಒಟ್ಟು 700, ಆಗ ಸುಮಾರು 14% ಸಾಕು. ಯೋಚನೆಯೇ ಬೇಡ. (ಎಕ್ಕ ಬಂದರೂ ಗೆಲ್ಲಬಹುದು, ಆದರೆ ನಾನು ಅದನ್ನು ಎಣಿಸುವುದಿಲ್ಲ. ರಾಜನ ಜೊತೆ ಎಕ್ಕ ಹಿಡಿದವನು ಇದ್ದರೆ ಕಥೆ ಮುಗಿಯಿತು.)

ಈಗ ರೇಸ್. ಟರ್ನ್, ರಿವರ್ (ಮೇಜಿನ ಮೇಲೆ ಬರುವ ನಾಲ್ಕನೇ, ಐದನೇ ಎಲೆ) ಎರಡೂ ಸೇರಿದರೆ ಫ್ಲಶ್ ಆಗುವ ಸಾಧ್ಯತೆ 35%. ಬೆಟ್ ಹಾಕಿದವನು, ಕಾಲ್ ಮಾಡಿದ ಇಬ್ಬರು, ಮೂವರೂ ನಿಮ್ಮ ರೇಸ್‌ಗೆ ದುಡ್ಡು ಹಾಕುತ್ತಾರೆ ಅನ್ನಿ. ನೀವು ಹೆಚ್ಚಿಗೆ ಹಾಕಿದ 100ಕ್ಕೆ ಪಾಟ್ 400 ಬೆಳೆಯಿತು. ಅದರ 35% ಅಂದರೆ 140. ಸದ್ಯಕ್ಕೆ ನಿಮ್ಮ ಕೈ ಎಲ್ಲರಿಗಿಂತ ಸಣ್ಣದಿರಬಹುದು, ಆದರೂ ಪ್ರತಿ 100ಕ್ಕೆ 40 ಲಾಭ. ಇಬ್ಬರೇ ಬಂದರೆ 105, ಅಲ್ಲಿಗಲ್ಲಿಗೆ. ಒಬ್ಬನೇ ಬಂದರೆ 70, ನಷ್ಟ. ಒಬ್ಬನೇ ಎದುರಿಗಿದ್ದಾಗ ರೇಸ್ ಮಾಡುವುದು ಅವನು ಎಲೆ ಬಿಸಾಕಲಿ ಅಂತ. ಅದು ಸೆಮಿ ಬ್ಲಫ್, ಅದರ ಲೆಕ್ಕವೇ ಬೇರೆ.

ಹಾಗಾಗಿ ಎಲ್ಲಿ ಕೂತಿದ್ದೀರಿ ಅನ್ನೋದು ಬಹಳ ಮುಖ್ಯ. ಬೆಟ್ ಹಾಕಿದವನ ಪಕ್ಕದಲ್ಲೇ ಕೂತು ರೇಸ್ ಮಾಡಿದರೆ ನಿಮ್ಮ ನಂತರದವರು ಹೆದರಿ ಎದ್ದುಹೋಗುತ್ತಾರೆ, ನಿಮಗೆ ಬೇಕಾದ ಗಿರಾಕಿಗಳು ಅವರೇ! ಅಲ್ಲಿ ಸುಮ್ನೆ ಕಾಲ್ ಮಾಡಿ. ಎಲ್ಲರೂ ಕಾಲ್ ಮಾಡಿ ಕೊನೆಗೆ ನಿಮ್ಮ ಸರದಿ ಬಂದರೆ ರೇಸ್ ಮಾಡಿ.

9 ಎಲೆಗಳನ್ನೂ ಪೂರ್ತಿ ನಂಬಬೇಡಿ. ಯಾರದಾದರೂ ಕೈಯಲ್ಲಿರುವ ಎರಡೂ ಎಲೆ ನಾಲ್ಕೇ ಅಂದುಕೊಳ್ಳಿ. ಹಾರ್ಟ್ ಒಂಬತ್ತು ಬಂದರೆ ನಿಮಗೆ ಫ್ಲಶ್, ಅವನಿಗೆ ಫ್ಲಶ್‌ಗಿಂತ ದೊಡ್ಡದಾದ ಫುಲ್ ಹೌಸ್ (ನಾಲ್ಕರ ಮೂರು ಎಲೆ, ಒಂಬತ್ತರ ಎರಡು). ಎಕ್ಕದ ಬದಲು ನಿಮ್ಮ ದೊಡ್ಡ ಹಾರ್ಟ್ ಎಂಟೋ ಹತ್ತೋ ಆಗಿದ್ದರೆ ಇನ್ನೊಬ್ಬನಿಗೆ ಅದಕ್ಕಿಂತ ದೊಡ್ಡ ಫ್ಲಶ್ ಆಗಬಹುದು, ನಾನಂತೂ ನಾಲ್ಕು ಜನರ ಪಾಟ್‌ನಲ್ಲಿ ರೇಸ್ ಮಾಡುವುದಿಲ್ಲ.

ಇನ್ನೊಂದು, 35% ಸಿಗುವುದು ರಿವರ್ ತನಕ ಕೂತವರಿಗೆ. ಟರ್ನ್‌ನಲ್ಲಿ ಯಾರೋ ದೊಡ್ಡ ಬೆಟ್ ಹಾಕಿ ನಿಮ್ಮನ್ನು ಎಬ್ಬಿಸುವ ಹಾಗಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ. ಟರ್ನ್‌ನಲ್ಲಿ ಹಾರ್ಟ್ ಬರದಿದ್ದರೆ ಉಳಿಯುವುದು 46ರಲ್ಲಿ 9, ಅಂದರೆ 20%ಕ್ಕೂ ಕಮ್ಮಿ. ಮೂವರು ಜೊತೆಗಿದ್ದರೂ ಹೊಸ ದುಡ್ಡಿಗೆ 25% ಬೇಕು. ಅಲ್ಲಿಂದ ಮುಂದೆ ರೇಸ್ ಬಿಡಿ, ಪಾಟ್ ನೋಡಿ ಕಾಲ್ ಮಾಡಿ ಇಲ್ಲವೇ ಎಲೆ ಇಡಿ.